ಒಂಬತ್ತನೇ ತರಗತಿಯಲ್ಲಿ ಕೇಂದ್ರ ಸಂಪುಟ ಕಟ್ಟುವ ಬಗೆ

"ಅಕ್ಕೋರೆ, ಹೆಸರಿನ ರೇಟು ಯಾರು ಕಟ್ತಾರ್ರೀ?"

ಕೆಲವು ವರ್ಷಗಳ ಹಿಂದೆ ಮೂರನೇ ಬೆಂಚಿನ ಹುಡುಗನೊಬ್ಬ ಹೀಗೆ ಕೇಳಿದ. ನಾನಾಗ ಬೋರ್ಡಿನ ಮೇಲೆ ‘ಕೇಂದ್ರ ಕಾರ್ಯಾಂಗ’ ಎಂದು ಬರೆದು, ಕೆಳಗೆ ರಾಷ್ಟ್ರಪತಿ, ಪ್ರಧಾನಮಂತ್ರಿ, ಮಂತ್ರಿಮಂಡಲ ಅಂತ ಪಟ್ಟಿ ಮಾಡುತ್ತಿದ್ದೆ. ಮಕ್ಕಳು ಸುಮ್ನೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ನಮ್ಮ ಶಾಲೆ ಇರುವುದು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಸುತ್ತಲೂ ಎರಿಹೊಲ. ಮುಂಗಾರಿಗೆ ಹೆಸರುಕಾಳು, ಹಿಂಗಾರಿಗೆ ಕಡಲೆ, ಬಿಳಿಜೋಳ. ಆ ಹುಡುಗನ ಮನೆಯಲ್ಲಿ ಅದೇ ವಾರ ಹೆಸರಿನ ರಾಶಿ ಮುಗಿದಿತ್ತು. ಅವನ ಪ್ರಶ್ನೆಗೆ ಉತ್ತರ ನನ್ನ ಪಟ್ಟಿಯಲ್ಲೇ ಇತ್ತು. ಆದರೆ ಪಟ್ಟಿ ಓದಿದವರಿಗೆ ಅದು ಕಾಣುತ್ತಿರಲಿಲ್ಲ.

ಅಂದಿನಿಂದ ಈ ಪಾಠವನ್ನು ನಾನು ಆಡಿಸುತ್ತೇನೆ. ತರಗತಿಯೇ ಲೋಕಸಭೆ. ಅದರೊಳಗಿಂದ ಸಂಪುಟ. ಸಂಪುಟದ ಮುಂದೆ ಒಂದೇ ಒಂದು ವಿಷಯ, ಹೆಸರುಕಾಳಿನ ಬೆಂಬಲ ಬೆಲೆ. ನೀವು ಹಾವೇರಿ ಕಡೆಯವರಾದರೆ ಗೋವಿನಜೋಳ ಹಿಡಿಯಿರಿ, ಧಾರವಾಡದ ಪೇಟೆ ಶಾಲೆಯವರಾದರೆ ರೈಲು ಹಿಡಿಯಿರಿ. ಮಕ್ಕಳ ಮನೆಗೆ ತಾಗುವ ವಿಷಯ ಒಂದಿದ್ದರೆ ಸಾಕು. ಐದು ಪಿರಿಯಡ್ ಬೇಕು. ಒಂದು ಗಂಟೆಯಲ್ಲಿ ಮುಗಿಸಲು ಹೋಗಬೇಡಿ, ಅದು ನಾಟಕವಾಗುತ್ತದೆ. ಸಾಮಾನು ಹೆಚ್ಚೇನಿಲ್ಲ. ಬಿಳಿ ಹಾಳೆ, ಚೀಟಿ, ಎರಡು ಬಣ್ಣದ ಪೆನ್ನು, ನಾಲ್ಕು ಲಕೋಟೆ, ಒಂದು ಅಂಚೆಚೀಟಿ. ಅಂಚೆಚೀಟಿ ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಮೊದಲು ಸಭೆ, ಆಮೇಲೆ ಸಂಪುಟ

ಬಹಳ ಜನ ಮಾಡುವ ತಪ್ಪು ಇದು. ಮೊದಲೇ ‘ನೀನು ಪ್ರಧಾನಿ, ನೀನು ಗೃಹ ಮಂತ್ರಿ’ ಅಂತ ಕೈ ತೋರಿಸಿ ಕೂರಿಸಿಬಿಡುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಮಾಡಿದೆ. ಅಂಕ ಜಾಸ್ತಿ ತೆಗೆಯುವವರೆಲ್ಲ ಮಂತ್ರಿಗಳಾದರು, ಉಳಿದವರು ಚಪ್ಪಾಳೆ ತಟ್ಟಿದರು. ಸಂಪುಟ ಯಾರ ಬೆಂಬಲದ ಮೇಲೆ ನಿಂತಿದೆ ಎಂಬುದೇ ಮಕ್ಕಳಿಗೆ ತಿಳಿಯಲಿಲ್ಲ.

ನಮ್ಮ ತರಗತಿಯಲ್ಲಿ 52 ಮಕ್ಕಳು. ಒಬ್ಬರನ್ನು ರಾಷ್ಟ್ರಪತಿ, ಒಬ್ಬರನ್ನು ಸಂಪುಟ ಕಾರ್ಯದರ್ಶಿ ಅಂತ ಬದಿಗೆ ತೆಗೆಯುತ್ತೇನೆ. ಉಳಿದ 50 ಮಂದಿ ಸಭೆ. ಚೀಟಿ ಎತ್ತಿಸಿ ಮೂರು ಪಕ್ಷ ಮಾಡಿ: 20, 17, 13. ಬಹುಮತಕ್ಕೆ 26 ಬೇಕು. ಲೋಕಸಭೆಯಲ್ಲಿ 543 ಸ್ಥಾನ, ಬಹುಮತಕ್ಕೆ 272. ಈ ಎರಡು ಲೆಕ್ಕವನ್ನೂ ಬೋರ್ಡಿನ ಮೂಲೆಯಲ್ಲಿ ಅಕ್ಕಪಕ್ಕ ಬರೆದು ಐದೂ ದಿನ ಅಳಿಸದೆ ಬಿಡಿ. ಯಾರಿಗೂ ಒಂಟಿಯಾಗಿ ಬಹುಮತ ಸಿಗದಂತೆ ಪಕ್ಷ ಮಾಡುವುದು ಮುಖ್ಯ. ಆಗಲೇ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ರಾಷ್ಟ್ರಪತಿ ಸ್ಥಾನಕ್ಕೆ ಗಲಾಟೆ ಮಾಡದ, ಆದರೆ ಗಟ್ಟಿಯಾಗಿ ಓದಬಲ್ಲ ಮಗುವನ್ನು ಆರಿಸಿ. ಪ್ರಧಾನಿಯನ್ನು ರಾಷ್ಟ್ರಪತಿ ನೇಮಿಸುತ್ತಾರೆ, ಉಳಿದ ಮಂತ್ರಿಗಳನ್ನು ಪ್ರಧಾನಿಯ ಸಲಹೆಯ ಮೇಲೆ ನೇಮಿಸುತ್ತಾರೆ ಎನ್ನುತ್ತದೆ ಸಂವಿಧಾನದ 75ನೇ ವಿಧಿ. ಯಾರನ್ನು ಕರೆಯಬೇಕು ಎಂದು ಅದು ಹೇಳುವುದಿಲ್ಲ. ಬಹುಮತ ಯಾರಿಗಿದೆ ಎಂಬುದು ನಿಚ್ಚಳವಾಗಿದ್ದರೆ ತೊಂದರೆಯಿಲ್ಲ. ಇಲ್ಲದಿದ್ದರೆ? ಕಳೆದ ವರ್ಷ ನಮ್ಮ ರಾಷ್ಟ್ರಪತಿಯಾಗಿದ್ದ ಹುಡುಗಿ 20 ಮಂದಿಯ ಪಕ್ಷದ ಮುಖಂಡನನ್ನು ಕರೆದಳು, ದೊಡ್ಡ ಪಕ್ಷ ಅದೇ ಎಂದು. ಅವನು ಮಧ್ಯಾಹ್ನದ ಊಟದ ಹೊತ್ತಲ್ಲಿ ಉಳಿದ ಎರಡೂ ಪಕ್ಷದವರ ಹಿಂದೆ ಓಡಾಡಿದ. ಆರು ಜನ ಕೂಡ ಸಿಗಲಿಲ್ಲ. ಊಟದ ನಂತರ ಬಂದು "ಆಗಲಿಲ್ಲ" ಎಂದ. ಆಗ ನಾನು 1996ರ ಕಥೆ ಹೇಳಿದೆ. ಆ ವರ್ಷ ಮೇ 16ರಂದು ದೊಡ್ಡ ಪಕ್ಷದ ನಾಯಕರಾಗಿ ಅಟಲ್ ಬಿಹಾರಿ ವಾಜಪೇಯಿ ಪ್ರಮಾಣ ವಚನ ತೆಗೆದುಕೊಂಡರು, ಬಹುಮತ ಕೂಡಲಿಲ್ಲ, ಮೇ 28ಕ್ಕೆ ರಾಜೀನಾಮೆ ಕೊಟ್ಟರು. ತಾನೇ ಸೋತು ಬಂದ ಹುಡುಗನಿಗೆ ಈ ಕಥೆ ಬೇರೆಯವರಿಗಿಂತ ಜಾಸ್ತಿ ಅರ್ಥವಾಯಿತು.

ಬಹುಮತವನ್ನು ಎಲ್ಲಿ ಎಣಿಸಬೇಕು ಎಂಬ ಪ್ರಶ್ನೆ ಬಂದಾಗ ನಮ್ಮ ಸೀಮೆಯವರ ಹೆಸರೇ ಬರುತ್ತದೆ. ಎಸ್. ಆರ್. ಬೊಮ್ಮಾಯಿ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದವರು. 1989ರ ಏಪ್ರಿಲ್‌ನಲ್ಲಿ ಸದನದಲ್ಲಿ ಬಲ ತೋರಿಸಲು ಅವಕಾಶ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಲಾಯಿತು. ಅವರ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು, ರಾಜ್ಯಪಾಲರ ಕೋಣೆಯಲ್ಲಲ್ಲ. ಪ್ರಕರಣ ರಾಜ್ಯದ್ದೇ, ಆದರೆ ದೇಶದ ಯಾವ ಮೂಲೆಯಲ್ಲಿ ಸರ್ಕಾರ ಅಲುಗಾಡಿದರೂ ಮೊದಲು ಎತ್ತುವ ಹೆಸರು ಇದೇ. ಮುಂದೆ 1996ರಲ್ಲಿ ಬೊಮ್ಮಾಯಿಯವರು ಕೇಂದ್ರದಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಮಂತ್ರಿಯೂ ಆದರು. ಹುಬ್ಬಳ್ಳಿ ಬಸ್ಸು ಹತ್ತಿ ಹೋಗಿ ಬರುವ ಮಕ್ಕಳಿಗೆ ಇದನ್ನು ಹೇಳಿ. ಕೋರ್ಟಿನ ತೀರ್ಪು ಪಕ್ಕದ ಓಣಿಯ ಮಾತಿನಂತೆ ಕೇಳಿಸುತ್ತದೆ.

ಪ್ರಧಾನಿ ಹೊರಗಿನಿಂದ ಬಂದರೆ?

17 ಮತ್ತು 13ರ ಪಕ್ಷಗಳು ಕೈ ಜೋಡಿಸಿದವು. 30 ಆಯಿತು. ಆದರೆ ಮುಖಂಡ ಯಾರು ಎಂಬುದಕ್ಕೆ ಜಗಳ. ಕೊನೆಗೆ ಇಬ್ಬರೂ ಒಪ್ಪಿದ ಹೆಸರು ನಮ್ಮ ತರಗತಿಯದ್ದೇ ಅಲ್ಲ, ಪಕ್ಕದ ಎಂಟನೇ ತರಗತಿಯ ಹುಡುಗಿಯದು. "ಹಂಗ ಬರ್ತೈತೇನ್ರೀ ಅಕ್ಕೋರೆ?" ಎಂದು ಕೇಳಿದರು. ಬರುತ್ತದೆ. ಸಂಸತ್ತಿನ ಯಾವ ಸದನದ ಸದಸ್ಯರೂ ಅಲ್ಲದವರು ಮಂತ್ರಿಯಾಗಬಹುದು, ಆರು ತಿಂಗಳೊಳಗೆ ಒಂದು ಸದನಕ್ಕೆ ಬರಬೇಕು, ಬರದಿದ್ದರೆ ಮಂತ್ರಿ ಸ್ಥಾನ ಹೋಗುತ್ತದೆ. ಎಚ್. ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದಾಗ ಅವರು ಸಂಸದರಾಗಿರಲಿಲ್ಲ, ಕರ್ನಾಟಕದ ಮುಖ್ಯಮಂತ್ರಿ ಸ್ಥಾನದಿಂದ ನೇರವಾಗಿ ಹೋದವರು. ಆಮೇಲೆ ರಾಜ್ಯಸಭೆಗೆ ಆಯ್ಕೆಯಾದರು. ನಾವೂ ಎಂಟನೇ ತರಗತಿಯ ಮೇಷ್ಟ್ರ ಒಪ್ಪಿಗೆ ಪಡೆದು ಆ ಹುಡುಗಿಯನ್ನು ಕರೆತಂದೆವು. ನಮ್ಮ ಆಟದಲ್ಲಿ ಆರು ತಿಂಗಳಿಗೆ ಬದಲು ಆರು ದಿನ ಎಂದು ಇಟ್ಟೆವು.

ಈಗ ಎಷ್ಟು ಮಂತ್ರಿಗಳು? ಇಲ್ಲಿ ಗಣಿತದ ಮೇಷ್ಟ್ರನ್ನು ಐದು ನಿಮಿಷ ಕರೆಯಿರಿ. 2003ರಲ್ಲಿ ಸಂವಿಧಾನಕ್ಕೆ ಆದ 91ನೇ ತಿದ್ದುಪಡಿಯ ಪ್ರಕಾರ ಪ್ರಧಾನಿಯೂ ಸೇರಿ ಮಂತ್ರಿಗಳ ಸಂಖ್ಯೆ ಲೋಕಸಭೆಯ ಒಟ್ಟು ಸಂಖ್ಯೆಯ ಶೇಕಡಾ 15 ಮೀರಬಾರದು. 543ಕ್ಕೆ 81. ನಮ್ಮ 50ಕ್ಕೆ ಏಳೂವರೆ, ಅಂದರೆ ಏಳು. ಅರ್ಧ ಮಂತ್ರಿ ಇಲ್ಲವಲ್ಲ.

ಮಂತ್ರಿಮಂಡಲ ಬೇರೆ, ಸಂಪುಟ ಬೇರೆ. ಇದನ್ನು ಬಿಡಿಸಿ ಹೇಳಲೇಬೇಕು, ಪತ್ರಿಕೆಗಳಲ್ಲೂ ಎರಡನ್ನೂ ಕಲಸಿಬಿಡುತ್ತಾರೆ. 2024ರ ಜೂನ್ 9ರಂದು ರಾಷ್ಟ್ರಪತಿ ಭವನದಲ್ಲಿ ಪ್ರಧಾನಿಯೂ ಸೇರಿ 72 ಮಂದಿ ಪ್ರಮಾಣ ವಚನ ತೆಗೆದುಕೊಂಡರು. ಅವರಲ್ಲಿ ಪ್ರಧಾನಿಯ ಜೊತೆ 30 ಮಂದಿ ಸಂಪುಟ ದರ್ಜೆಯವರು, ಐವರು ಸ್ವತಂತ್ರ ಹೊಣೆಯ ರಾಜ್ಯ ಸಚಿವರು, 36 ಮಂದಿ ರಾಜ್ಯ ಸಚಿವರು. 72 ಮಂದಿ ಸೇರಿದರೆ ಮಂತ್ರಿಮಂಡಲ. ಮೇಲಿನ 31 ಮಂದಿ ಕೂತು ತೀರ್ಮಾನ ಮಾಡುವ ಮನೆ ಸಂಪುಟ. ‘ರಾಜ್ಯ ಸಚಿವ’ ಅಂದಕೂಡಲೇ ಮಕ್ಕಳು ಬೆಂಗಳೂರಿನ ಮಂತ್ರಿ ಅಂದುಕೊಳ್ಳುತ್ತಾರೆ, ಅದನ್ನೂ ತಿದ್ದಿ. 1962ರಲ್ಲಿ ಧಾರವಾಡ ಉತ್ತರದಿಂದ ಗೆದ್ದ ಸರೋಜಿನಿ ಮಹಿಷಿಯವರು ಇಂದಿರಾ ಗಾಂಧಿಯವರ ಸರ್ಕಾರದಲ್ಲಿ ರಾಜ್ಯ ಸಚಿವೆಯಾಗಿದ್ದರು. ಕೂತು ಕೆಲಸ ಮಾಡಿದ್ದು ದೆಹಲಿಯಲ್ಲೇ.

ಪ್ರಮಾಣ ವಚನವನ್ನು ಅವಸರ ಮಾಡಬೇಡಿ

ಎರಡು ಪ್ರಮಾಣ ಇವೆ. ಒಂದು ಅಧಿಕಾರದ್ದು, ಇನ್ನೊಂದು ಗೌಪ್ಯತೆಯದು. ಎರಡೂ ಸಂವಿಧಾನದ ಮೂರನೇ ಅನುಸೂಚಿಯಲ್ಲಿವೆ. ಮೊದಲನೆಯದರಲ್ಲಿ ಭಯ, ಪಕ್ಷಪಾತ, ರಾಗ, ದ್ವೇಷ ಇಲ್ಲದೆ ಎಲ್ಲ ಬಗೆಯ ಜನರಿಗೂ ನ್ಯಾಯ ಮಾಡುತ್ತೇನೆ ಎಂಬ ಮಾತು ಬರುತ್ತದೆ. ನಮ್ಮ ರಾಷ್ಟ್ರಪತಿ ‘ನಾನು’ ಎಂದು ಶುರು ಮಾಡಿಕೊಟ್ಟಳು, ಏಳೂ ಮಂದಿ ಒಬ್ಬೊಬ್ಬರಾಗಿ ಓದಿದರು. ‘ರಾಗ’ ಅಂದರೆ ಏನು ಎಂದು ಒಬ್ಬ ನಡುವೆ ನಿಲ್ಲಿಸಿ ಕೇಳಿದ. ಹಾಡಿನ ರಾಗ ಅಂದುಕೊಂಡಿದ್ದನಂತೆ. ನಿನ್ನ ಗೆಳೆಯ ಎಂಬ ಕಾರಣಕ್ಕೆ ಅವನ ಕೆಲಸ ಮೊದಲು ಮಾಡಿಕೊಡುವುದು ಅಂತ ಹೇಳಿದೆ. ಅವನು ಗೆಳೆಯನ ಕಡೆ ನೋಡಿದ, ಮತ್ತೆ ಮೊದಲಿನಿಂದ ಓದಿದ. ಆ ಹತ್ತು ನಿಮಿಷ ನನಗೆ ಇಡೀ ಪಾಠಕ್ಕಿಂತ ಮುಖ್ಯ.

ಖಾತೆ ಹಂಚಿಕೆ ಬೇಗ ಮುಗಿಸಬಹುದು. ಪ್ರಧಾನಿ ಹೇಳಿದಂತೆ ರಾಷ್ಟ್ರಪತಿಯ ಹೆಸರಿನಲ್ಲಿ ಹಂಚಿಕೆ ಆಗುತ್ತದೆ. ಯಾವ ಇಲಾಖೆಗೆ ಯಾವ ಕೆಲಸ ಎಂಬುದಕ್ಕೆ 1961ರ ಕಾರ್ಯ ಹಂಚಿಕೆ ನಿಯಮಗಳಿವೆ, ಕೆಲಸ ಹೇಗೆ ನಡೆಯಬೇಕು ಎಂಬುದಕ್ಕೆ ಅದೇ ವರ್ಷದ ಕಾರ್ಯ ನಿರ್ವಹಣಾ ನಿಯಮಗಳಿವೆ. ನಮ್ಮ ಮಕ್ಕಳು ಗೃಹ ಮತ್ತು ರಕ್ಷಣೆಗೆ ಮುಗಿಬಿದ್ದರು. ಕೃಷಿ ಯಾರಿಗೂ ಬೇಡವಾಗಿತ್ತು. ಒಬ್ಬ ಹುಡುಗ "ಮನ್ಯಾಗೂ ಅದ, ಇಲ್ಲೂ ಅದೇನು" ಎಂದು ಮುಖ ತಿರುಗಿಸಿದ. ಕೊನೆಗೆ ಅದು ಮೂರನೇ ಬೆಂಚಿನ ಇನ್ನೊಬ್ಬ ಹುಡುಗನ ಪಾಲಿಗೆ ಬಂತು. ನಾನು ಏನೂ ಹೇಳಲಿಲ್ಲ, ಮರುದಿನಕ್ಕೆ ಕಾದೆ.

ಟಿಪ್ಪಣಿ ಬರೆಸುವುದು

ಪಾಠದ ತಿರುಳು ಇಲ್ಲಿದೆ. ಎರಡು ಪಿರಿಯಡ್ ಇದಕ್ಕೇ ಇಡಿ.

ಸಂಪುಟ ಎಂದರೆ ದೊಡ್ಡ ಮೇಜಿನ ಸುತ್ತ ಕೂತು ಮಾತಾಡುವುದು ಎಂದು ಮಕ್ಕಳು ಅಂದುಕೊಂಡಿರುತ್ತಾರೆ. ನಿಜವಾಗಿ ಅಲ್ಲಿ ಕೆಲಸ ಶುರುವಾಗುವುದು ಒಂದು ಕಾಗದದಿಂದ. ಅದಕ್ಕೆ ಸಂಪುಟ ಟಿಪ್ಪಣಿ ಎನ್ನುತ್ತಾರೆ. ಸಂಬಂಧಪಟ್ಟ ಸಚಿವಾಲಯ ಅದರ ಕರಡು ಬರೆಯುತ್ತದೆ. ಯಾವ ಯಾವ ಸಚಿವಾಲಯಗಳಿಗೆ ಆ ವಿಷಯ ತಾಗುತ್ತದೋ ಅವಕ್ಕೆಲ್ಲ ಕಳಿಸಿ ಅಭಿಪ್ರಾಯ ಕೇಳುತ್ತದೆ. ಹಣದ ಮಾತು ಬಂದರೆ ಹಣಕಾಸು ಸಚಿವಾಲಯವನ್ನು ಕೇಳಲೇಬೇಕು. ಅಭಿಪ್ರಾಯಗಳನ್ನೆಲ್ಲ ಸೇರಿಸಿದ ಟಿಪ್ಪಣಿ ಸಂಪುಟ ಸಚಿವಾಲಯಕ್ಕೆ ಹೋಗಿ, ಅಲ್ಲಿಂದ ಮಂತ್ರಿಗಳ ಕೈಗೆ ಬರುತ್ತದೆ. ಆಮೇಲೆ ಸಭೆ.

ಹೆಸರಿನ ಬೆಂಬಲ ಬೆಲೆಯ ದಾರಿ ಹೀಗಿದೆ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಶಿಫಾರಸು ಮಾಡುತ್ತದೆ. ಕೃಷಿ ಸಚಿವಾಲಯ ಟಿಪ್ಪಣಿ ಮಾಡುತ್ತದೆ. ಪ್ರಧಾನಿಯ ಅಧ್ಯಕ್ಷತೆಯ ಆರ್ಥಿಕ ವ್ಯವಹಾರಗಳ ಸಂಪುಟ ಸಮಿತಿ ಒಪ್ಪಿಗೆ ಕೊಡುತ್ತದೆ. ಎಲ್ಲ ವಿಷಯಕ್ಕೂ ಇಡೀ ಸಂಪುಟ ಕೂರಲು ಆಗುವುದಿಲ್ಲವಲ್ಲ, ಅದಕ್ಕೇ ಇಂಥ ಸಮಿತಿಗಳಿವೆ. ಭದ್ರತೆಗೆ ಒಂದು, ದೊಡ್ಡ ಹುದ್ದೆಗಳ ನೇಮಕಾತಿಗೆ ಒಂದು, ಹೀಗೆ. 2024ರ ಜೂನ್ 19ರಂದು ಈ ಸಮಿತಿ ಆ ವರ್ಷದ ಮುಂಗಾರು ಬೆಳೆಗಳ ಬೆಲೆಗೆ ಒಪ್ಪಿಗೆ ಕೊಟ್ಟಿತು. ಹೆಸರಿಗೆ ಕ್ವಿಂಟಲ್‌ಗೆ 8,682 ರೂಪಾಯಿ. ಮರುವರ್ಷ 8,768.

ಅಂಕಿಯನ್ನು ಸುಮ್ನೆ ಬರೆಸಬೇಡಿ, ಲೆಕ್ಕ ಮಾಡಿಸಿ. 2024-25ಕ್ಕೆ ಸರ್ಕಾರ ಹಿಡಿದ ಉತ್ಪಾದನಾ ವೆಚ್ಚ ಕ್ವಿಂಟಲ್‌ಗೆ 5,788 ರೂಪಾಯಿ. ಅದರ ಅರ್ಧ 2,894. ಎರಡೂ ಕೂಡಿಸಿದರೆ 8,682. ವೆಚ್ಚದ ಒಂದೂವರೆ ಪಟ್ಟು ಎಂಬ ಸೂತ್ರ ಕಣ್ಣೆದುರೇ ಬಂತು. ಲೆಕ್ಕ ತಾಳೆಯಾದಾಗ ತರಗತಿಯಲ್ಲಿ ಸಣ್ಣ ಗದ್ದಲವಾಯಿತು. ಕೂಡಲೇ ಹಿಂದಿನ ಬೆಂಚಿನಿಂದ ಪ್ರಶ್ನೆ: "ವೆಚ್ಚದಾಗ ನಮ್ಮವ್ವನ ಕೂಲಿ ಹಿಡದಾರೇನ್ರೀ?" ಹಿಡಿದಿದ್ದಾರೆ. ಮನೆಯವರ ದುಡಿಮೆಗೂ ಒಂದು ಬೆಲೆ ಕಟ್ಟಿ ಸೇರಿಸುತ್ತಾರೆ. ಆದರೆ ಸ್ವಂತ ಹೊಲದ ಬಾಡಿಗೆ ಈ ಲೆಕ್ಕದಲ್ಲಿ ಬರುವುದಿಲ್ಲ, ಅದನ್ನೂ ಸೇರಿಸಬೇಕು ಎಂದು ರೈತ ಸಂಘಟನೆಗಳು ಬಹಳ ವರ್ಷದಿಂದ ಕೇಳುತ್ತಿವೆ. ಇಷ್ಟನ್ನು ಹೇಳಿ ಬಿಡಿ. ಯಾವುದು ಸರಿ ಎಂದು ನೀವು ತೀರ್ಪು ಕೊಡಬೇಡಿ, ತೀರ್ಮಾನ ಮಾಡಬೇಕಾದವರು ಮೇಜಿನ ಸುತ್ತ ಕೂತಿದ್ದಾರೆ.

ಈಗ ಕೃಷಿ ಮಂತ್ರಿಯಾದ ಹುಡುಗ ಒಂದು ಹಾಳೆಯಲ್ಲಿ ಟಿಪ್ಪಣಿ ಬರೆಯಬೇಕು. ನಾಲ್ಕು ಭಾಗ: ಏನು ಬೇಕು, ಯಾಕೆ ಬೇಕು, ಎಷ್ಟು ಖರ್ಚು, ಯಾರ ಒಪ್ಪಿಗೆ ಕೇಳಲಾಗುತ್ತಿದೆ. ಮನೆಯಲ್ಲಿ ಕೃಷಿ ಸಾಕಾಗಿದೆ ಎಂದವನ ಅಣ್ಣ ರಾತ್ರಿ ಕೂತು ಇವನಿಗೆ ಬೀಜ, ಗೊಬ್ಬರ, ಎಡೆ ಹೊಡೆದ ಬಾಡಿಗೆ, ರಾಶಿ ಮಷಿನ್ನಿನ ಬಾಡಿಗೆ ಎಲ್ಲ ಲೆಕ್ಕ ಬರೆಸಿದ್ದ. ಹುಡುಗ ಒಂಬತ್ತು ಸಾವಿರ ರೂಪಾಯಿ ಕೇಳಿದ. ಲಕೋಟೆಯಲ್ಲಿ ಹಾಕಿ ಮೊದಲು ಹಣಕಾಸು, ಆಮೇಲೆ ಗ್ರಾಹಕ ವ್ಯವಹಾರ ಮತ್ತು ಆಹಾರ ಮಂತ್ರಿಗೆ ಕಳಿಸಿದೆವು. ಬೇರೆ ಬಣ್ಣದ ಪೆನ್ನಿನಲ್ಲಿ ಅವರು ತಮ್ಮ ಮಾತು ಬರೆಯಬೇಕು, ಅವನು ಬರೆದದ್ದನ್ನು ಅಳಿಸುವ ಹಾಗಿಲ್ಲ.

ಹಣಕಾಸಿನ ಹುಡುಗಿ ಬರೆದದ್ದು: "ಬೆಲೆ ಘೋಷಿಸಿದರೆ ಸಾಲದು, ಕೊಳ್ಳಬೇಕು. ಕೊಳ್ಳಲು ರೊಕ್ಕ ಎಲ್ಲಿದೆ?" ಗ್ರಾಹಕ ಖಾತೆಯ ಹುಡುಗಿ ಬಹಳ ಹೊತ್ತು ಏನೂ ಬರೆಯಲಿಲ್ಲ. ಅವಳ ಮನೆಗೆ ಹೊಲವಿಲ್ಲ. ತಂದೆ ತಾಯಿ ಇಬ್ಬರೂ ಕೂಲಿ. ಆಮೇಲೆ ಎರಡೇ ಸಾಲು ಬರೆದಳು: "ಹೆಸರು ಬೆಳೆಯುವವರಿಗೆ ಬೆಲೆ ಬೇಕು. ಹೆಸರುಬೇಳೆ ಕೊಳ್ಳುವವರಿಗೆ ಬೆಲೆ ಇಳಿಯಬೇಕು. ನಾವು ಕೊಳ್ಳುವವರು." ಕೃಷಿ ಮಂತ್ರಿ ಅದನ್ನು ಓದಿ ಹಾಳೆ ಮಡಚಿ ಕೂತ. ಅವರಿಬ್ಬರೂ ಒಂದೇ ಓಣಿಯವರು. ಅವಳ ತಾಯಿ ಇವನ ಹೊಲಕ್ಕೇ ಕಳೆ ತೆಗೆಯಲು ಬರುತ್ತಾಳೆ.

ಇದಕ್ಕಾಗಿಯೇ ಟಿಪ್ಪಣಿ ಊರೆಲ್ಲ ಸುತ್ತಿ ಬರಬೇಕು. ಒಂದೇ ಹೆಸರುಕಾಳು ದೆಹಲಿಯಲ್ಲೂ ಎರಡು ಬಾಗಿಲಲ್ಲಿದೆ. ಬೆಂಬಲ ಬೆಲೆಯ ಖರೀದಿ ಕೃಷಿ ಸಚಿವಾಲಯದ್ದು. ಬೇಳೆಯ ದರ ಏರಿದಾಗ ಬಿಡುಗಡೆ ಮಾಡಲು ಕಾಪು ದಾಸ್ತಾನು ಇಡುವುದು ಗ್ರಾಹಕ ವ್ಯವಹಾರಗಳ ಇಲಾಖೆಯದು. 2024ರಲ್ಲಿ ಆ ಸಚಿವಾಲಯ ಬಂದದ್ದು ನಮ್ಮ ಪಕ್ಕದ ಧಾರವಾಡ ಕ್ಷೇತ್ರದ ಪ್ರಲ್ಹಾದ ಜೋಶಿಯವರಿಗೆ. "ಹಂಗಾರ ಹೆಸರಿನ ರೇಟು ಜೋಶಿಯವರೇ ಮಾಡ್ತಾರೇನ್ರೀ" ಎಂದು ಒಬ್ಬ ಕೇಳಿದ. ಒಬ್ಬರೇ ಯಾರೂ ಮಾಡುವುದಿಲ್ಲ ಮಗ, ಅದನ್ನೇ ಈಗ ನೋಡುತ್ತಿದ್ದೇವೆ ಎಂದೆ.

ಸಭೆ ಕೂರಿಸಿ. ಏಳು ಕುರ್ಚಿ ದುಂಡಗೆ ಹಾಕಿ, ಬಾಗಿಲು ಮುಚ್ಚಿ. ಉಳಿದ ಮಕ್ಕಳನ್ನು ಹೊರಗೆ ಬೇವಿನ ಮರದ ಕೆಳಗೆ ಕೂರಿಸಿ, ಗೌಪ್ಯತೆಯ ಪ್ರಮಾಣ ಯಾಕೆ ಎಂದು ಆಗ ತಿಳಿಯುತ್ತದೆ. ಒಳಗೆ ಎಷ್ಟು ಬೇಕಾದರೂ ಜಗಳವಾಡಬಹುದು. ಸಾಮಾನ್ಯವಾಗಿ ಕೈ ಎತ್ತಿಸಿ ಮತ ಎಣಿಸುವುದಿಲ್ಲ. ಎಲ್ಲರ ಮಾತು ಕೇಳಿ ಪ್ರಧಾನಿ ಒಂದು ತೀರ್ಮಾನಕ್ಕೆ ತರುತ್ತಾರೆ, ಸಂಪುಟ ಕಾರ್ಯದರ್ಶಿ ಅದನ್ನು ದಾಖಲು ಮಾಡುತ್ತಾರೆ. ನಮ್ಮ ಎಂಟನೇ ತರಗತಿಯ ಪ್ರಧಾನಿ ಇಪ್ಪತ್ತು ನಿಮಿಷ ಸುಮ್ಮನೆ ಕೇಳಿದಳು. ಆಮೇಲೆ 8,682 ಇರಲಿ, ಖರೀದಿ ಕೇಂದ್ರ ರಾಶಿಗೆ ಮೊದಲೇ ತೆರೆಯಲಿ ಎಂದಳು. ಕೃಷಿ ಮಂತ್ರಿಗೆ ಒಂಬತ್ತು ಸಾವಿರ ಸಿಗಲಿಲ್ಲ, ಮುಖ ಸಣ್ಣದಾಯಿತು.

ಬಾಗಿಲು ತೆರೆಯುವ ಮೊದಲು ಅವನಿಗೆ ಹೇಳಿ: ಹೊರಗೆ ಹೋಗಿ ‘ನಾನು ಒಪ್ಪಿರಲಿಲ್ಲ’ ಅನ್ನುವ ಹಾಗಿಲ್ಲ. ಮಂತ್ರಿಮಂಡಲ ಲೋಕಸಭೆಗೆ ಒಟ್ಟಾಗಿ ಹೊಣೆ. ಒಪ್ಪಿಗೆಯಿಲ್ಲದಿದ್ದರೆ ರಾಜೀನಾಮೆ ಕೊಟ್ಟು ಹೊರಬಂದು ಮಾತಾಡಬೇಕು. 1956ರಲ್ಲಿ ಹಣಕಾಸು ಮಂತ್ರಿ ಸಿ. ಡಿ. ದೇಶಮುಖ್ ಮುಂಬೈ ನಗರದ ವಿಷಯದಲ್ಲಿ ಸರ್ಕಾರದ ನಿಲುವು ಒಪ್ಪದೆ ಹಾಗೆ ಹೊರಬಂದರು. ನಮ್ಮ ಧಾರವಾಡ, ಗದಗ, ಹಾವೇರಿಗಳೆಲ್ಲ ಆಗ ಮುಂಬೈ ರಾಜ್ಯದಲ್ಲೇ ಇದ್ದವು, ಅದೇ ವರ್ಷದ ನವೆಂಬರ್ 1ಕ್ಕೆ ಈ ಕಡೆ ಬಂದವು. ಹುಡುಗ ಯೋಚಿಸಿ "ಇರ್ತೀನ್ರೀ" ಎಂದ. ಹೊರಗೆ ಬಂದು ತೀರ್ಮಾನವನ್ನು ತಾನೇ ಓದಿದ, ದನಿ ಸ್ವಲ್ಪ ನಡುಗಿತು.

ರುಜು ಯಾರದು

ಆದೇಶದ ಕೊನೆಯಲ್ಲಿ ‘ರಾಷ್ಟ್ರಪತಿಯವರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದು ಬರೆಸಿ. ಕೇಂದ್ರದ ಕಾರ್ಯಾಂಗದ ಅಧಿಕಾರ ಕಾಗದದ ಮೇಲೆ ರಾಷ್ಟ್ರಪತಿಯವರದು, 53ನೇ ವಿಧಿ. ಅದನ್ನು ಬಳಸುವುದು ಮಂತ್ರಿಮಂಡಲದ ಸಲಹೆಯಂತೆ, 74ನೇ ವಿಧಿ. ಸಲಹೆಯಂತೆಯೇ ನಡೆಯಬೇಕು ಎಂದು 1976ರ 42ನೇ ತಿದ್ದುಪಡಿ ಸ್ಪಷ್ಟ ಮಾಡಿತು. ಒಂದು ಸಲ ಮರುಪರಿಶೀಲನೆಗೆ ವಾಪಸು ಕಳಿಸಬಹುದು, ಎರಡನೇ ಸಲ ಬಂದರೆ ಒಪ್ಪಲೇಬೇಕು ಎಂದು 1978ರ 44ನೇ ತಿದ್ದುಪಡಿ ಸೇರಿಸಿತು.

ಇಲ್ಲೇ 1975ರ ಮಾತು ಹೇಳಲೇಬೇಕು, ನಾನು ಯಾವ ವರ್ಷವೂ ಬಿಟ್ಟಿಲ್ಲ. ಆ ವರ್ಷ ಜೂನ್ 25ರ ರಾತ್ರಿ ಪ್ರಧಾನಿಯ ಸಲಹೆಯ ಮೇಲೆ ರಾಷ್ಟ್ರಪತಿ ತುರ್ತು ಪರಿಸ್ಥಿತಿಗೆ ರುಜು ಹಾಕಿದರು. ಸಂಪುಟಕ್ಕೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. ಆಮೇಲೆ ಬಂದ 44ನೇ ತಿದ್ದುಪಡಿ, ಸಂಪುಟದ ತೀರ್ಮಾನ ಬರಹದಲ್ಲಿ ಬರದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ ಎಂದು 352ನೇ ವಿಧಿಯಲ್ಲಿ ಬರೆಯಿತು. ಸಂವಿಧಾನದಲ್ಲಿ ‘ಸಂಪುಟ’ ಎಂಬ ಪದ ಬರುವುದು ಅಲ್ಲಿ ಮಾತ್ರ. ಹಾಳೆ, ಲಕೋಟೆ, ಎರಡು ಬಣ್ಣದ ಪೆನ್ನು ಯಾಕೆ ಬೇಕು ಎಂದು ಬೇಸರಪಟ್ಟುಕೊಂಡ ಮಕ್ಕಳು ಇದನ್ನು ಕೇಳಿ ಸುಮ್ಮನಾದರು.

ದೆಹಲಿಯಿಂದ ನಮ್ಮೂರಿಗೆ

ರುಜು ಬಿದ್ದ ಮೇಲೆ ದಾರಿ ಇನ್ನೂ ಉದ್ದ ಇದೆ. ರಾಜ್ಯ ಸರ್ಕಾರ ಖರೀದಿಗೆ ಪ್ರಸ್ತಾವ ಕಳಿಸಬೇಕು, ಕೇಂದ್ರ ಇಷ್ಟು ಪ್ರಮಾಣ ಎಂದು ಒಪ್ಪಬೇಕು, ಸರ್ಕಾರದ ಪರವಾಗಿ ಕಾಳು ಕೊಳ್ಳುವ ನಾಫೆಡ್‌ನಂಥ ಸಂಸ್ಥೆ ಮುಂದೆ ಬರಬೇಕು, ಊರಿನ ಸೊಸೈಟಿಯಲ್ಲಿ ಖರೀದಿ ಕೇಂದ್ರ ತೆರೆಯಬೇಕು. ರೈತ ತನ್ನ ಹೆಸರು ನೋಂದಾಯಿಸಬೇಕು, ಕಾಳಿನ ತೇವಾಂಶ ನೋಡಬೇಕು, ಚೀಲ ಬರಬೇಕು.

ಒಂದು ವರ್ಷ ನಮ್ಮ ಅಪ್ಪನ ಹೊಲದಲ್ಲಿ ಒಂಬತ್ತು ಚೀಲ ಹೆಸರು ಬಂತು. ರಾಶಿ ಮುಗಿದದ್ದು ಆಗಸ್ಟ್ ಕೊನೆಗೆ. ಬೆಂಬಲ ಬೆಲೆ ಜೂನ್‌ನಲ್ಲೇ ಘೋಷಣೆಯಾಗಿತ್ತು, ಖರೀದಿ ಕೇಂದ್ರ ತೆರೆದಿರಲಿಲ್ಲ. ಗೊಬ್ಬರದ ಸಾಲ ಇತ್ತು, ಹೆಸರಿಗೆ ಹುಳ ಬೇಗ ಬೀಳುತ್ತದೆ, ಮಳೆ ಬೇರೆ ಹಿಡಿದಿತ್ತು. ಅಪ್ಪ ಗದಗಿಗೆ ಒಯ್ದು ದಲಾಲಿ ಅಂಗಡಿಯಲ್ಲಿ ಬಂದ ರೇಟಿಗೆ ಹಾಕಿಬಂದರು. ಕ್ವಿಂಟಲ್‌ಗೆ ಸಾವಿರಕ್ಕೂ ಜಾಸ್ತಿ ಕಡಿಮೆ. ಕೇಂದ್ರ ತೆರೆದಾಗ ನಮ್ಮ ಮನೆಯಲ್ಲಿ ಬಿತ್ತನೆಗೆ ಇಟ್ಟ ಕಾಳು ಬಿಟ್ಟು ಏನೂ ಇರಲಿಲ್ಲ. ಇದನ್ನು ನಾನು ಮಕ್ಕಳಿಗೆ ಹೇಳುತ್ತೇನೆ. ಹೇಳುವಾಗ ಯಾವ ಕಚೇರಿಯನ್ನೂ ಬಯ್ಯುವುದಿಲ್ಲ. ತಾರೀಖುಗಳನ್ನು ಬೋರ್ಡಿನ ಮೇಲೆ ಬರೆದು, ನಡುವೆ ಎಷ್ಟು ದಿನ ಎಂದು ಎಣಿಸಿಸುತ್ತೇನೆ.

ಕೊನೆಯ ಪಿರಿಯಡ್

ಸಭೆ ಮತ್ತೆ ಕೂರಲಿ, ಸಭಾಧ್ಯಕ್ಷರನ್ನು ಆರಿಸಿ. ಮೊದಲ ಅರ್ಧ ಪ್ರಶ್ನೋತ್ತರ. ಮಂತ್ರಿಗಳು ಎದ್ದು ನಿಂತೇ ಉತ್ತರಿಸಬೇಕು, ನೀವು ಬಾಯಿ ಹಾಕಬೇಡಿ. ಆಮೇಲೆ ಅವಿಶ್ವಾಸ ನಿರ್ಣಯ. ಲೋಕಸಭೆಯಲ್ಲಿ 50 ಸದಸ್ಯರ ಬೆಂಬಲವಿದ್ದರೆ ನಿರ್ಣಯ ಚರ್ಚೆಗೆ ಬರುತ್ತದೆ, ನಮ್ಮಲ್ಲಿ ಐವರು ಸಾಕು ಎಂದು ಇಟ್ಟೆವು. ಸೋತರೆ ಇಡೀ ಮಂತ್ರಿಮಂಡಲ ಹೋಗುತ್ತದೆ, ಒಬ್ಬ ಮಂತ್ರಿ ಮಾತ್ರ ಹೋಗುವುದಿಲ್ಲ.

ವಿರೋಧ ಪಕ್ಷದ ಹುಡುಗ, ಮೊದಲ ದಿನ ಬೆಂಬಲ ಸಿಗದೆ ಬಂದವನೇ, ಒಂದೇ ಪ್ರಶ್ನೆ ಹಿಡಿದ: "ಕೇಂದ್ರ ಯಾವ ತಾರೀಖಿಗೆ ತೆರೀತೀರಿ?" ಕೃಷಿ ಮಂತ್ರಿ "ಬೇಗನೆ" ಎಂದ. ಮತ್ತೆ ಕೇಳಿದ. ಮತ್ತೆ "ಬೇಗನೆ". ಮತಕ್ಕೆ ಹಾಕಿದಾಗ 13ರ ಪಕ್ಷದಿಂದ ಐವರು ಎದ್ದು ಆ ಕಡೆ ಹೋದರು. ಸರ್ಕಾರದ ಕಡೆ 24, ವಿರೋಧಕ್ಕೆ 25. ಸಭಾಧ್ಯಕ್ಷ ಮತ ಹಾಕುವಂತಿರಲಿಲ್ಲ. 1999ರ ಏಪ್ರಿಲ್ 17ರಂದು ವಾಜಪೇಯಿಯವರ ಸರ್ಕಾರ 269ಕ್ಕೆ 270ರಿಂದ, ಒಂದೇ ಮತದಿಂದ ಬಿದ್ದದ್ದನ್ನು ನಾನು ಹೇಳುವ ಹೊತ್ತಿಗೆ ತರಗತಿ ಕೂಗಾಟದಲ್ಲಿ ಮುಳುಗಿತ್ತು. ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕು ಎಂಬ ಆದೇಶ, ಮೀರಿ ಮತ ಹಾಕಿದವರ ಸದಸ್ಯತ್ವ ಹೋಗಬಹುದು, ಆ ಕಾನೂನು 1985ರಲ್ಲಿ ಬಂತು ಎಂದು ಐವರಿಗೂ ತಿಳಿಸಿದೆ. "ಹೋದ್ರ ಹೋಗ್ಲಿ ಅಕ್ಕೋರೆ" ಎಂದರು. ಐವರ ಮನೆಯಲ್ಲೂ ಹೆಸರು ಬೆಳೆಯುತ್ತಾರೆ.

ಈಗ ಅಂಚೆಚೀಟಿಯ ಕೆಲಸ. ಮಕ್ಕಳಿಗೆ ಒಂದು ನಿಜವಾದ ಪತ್ರ ಬರೆಯಲು ಹೇಳಿ, ಯಾರಿಗೆ ಎಂದು ನೀವು ಹೇಳಬೇಡಿ. ನಮ್ಮ ಮಕ್ಕಳು ಮುಕ್ಕಾಲು ಗಂಟೆ ವಾದ ಮಾಡಿದರು. ಪ್ರಧಾನಿಗೋ, ಕೃಷಿ ಮಂತ್ರಿಗೋ, ಧಾರವಾಡದ ಸಂಸದರಿಗೋ? ಬೆಲೆ ಆಗಲೇ ತೀರ್ಮಾನವಾಗಿದೆ, ನಮಗೆ ಬೇಕಿರುವುದು ತಾರೀಖು ಎಂದು ಗ್ರಾಹಕ ಖಾತೆಯ ಹುಡುಗಿ ನೆನಪಿಸಿದಳು. ಪ್ರಸ್ತಾವ ಮೊದಲು ರಾಜ್ಯದಿಂದ ಹೋಗಬೇಕಲ್ಲ, ಹಾಗಾದರೆ ಮೊದಲ ಪತ್ರ ಜಿಲ್ಲಾಧಿಕಾರಿಗೆ, ಅದರ ಪ್ರತಿ ನಮ್ಮ ಕ್ಷೇತ್ರದ ಸಂಸದರಿಗೆ ಎಂದು ಕೊನೆಗೆ ಒಪ್ಪಿದರು. ಕೃಷಿ ಮಂತ್ರಿ ಬರೆದ, ಅವಳು ತಿದ್ದಿದಳು, ಸಂಪುಟ ಕಾರ್ಯದರ್ಶಿ ಒಂದು ಪ್ರತಿಯನ್ನು ನಮ್ಮ ಫೈಲಿಗೆ ಹಾಕಿದ. ಶಾಲೆ ಬಿಟ್ಟ ಮೇಲೆ ಮಕ್ಕಳು ಅಂಚೆ ಕಚೇರಿಯ ಮುಂದಿನ ಕೆಂಪು ಡಬ್ಬಿಯವರೆಗೂ ನನ್ನ ಜೊತೆ ಬಂದರು.